ಅನ್ವಯ ತಂತ್ರಾಂಶಗಳ ಕಾರ್ಯಕ್ಷಮತೆಯ ಮೇಲ್ವಿಚಾರಣೆ: ಲಭ್ಯ ಸಾಧನಗಳ ತುಲನಾತ್ಮಕ ವಿವರ

ಪೀಠಿಕೆ

ಸಾರ್ವಜನಿಕ ಸೇವೆಗಳು ಗಣಕೀಕೃತಗೊಂಡಂತೆ ಅರ್ಜಿದಾರರು ಕೌಂಟರಿನ ಮುಂದೆ ಕೇಳುವ ಉತ್ತರವೂ ಬದಲಾಗಿದೆ. ‘ಕಡತ ಸಿಗುತ್ತಿಲ್ಲ’ ಎಂಬುದರ ಸ್ಥಾನದಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಬಂದಿದೆ. ವಾಸ್ತವದಲ್ಲಿ ಇಂತಹ ಅನೇಕ ಸಂದರ್ಭಗಳಲ್ಲಿ ಸರ್ವರ್ ಚಾಲನೆಯಲ್ಲಿಯೇ ಇರುತ್ತದೆ. ಅದರ ಮೇಲೆ ನಡೆಯುವ ತಂತ್ರಾಂಶವು ಉತ್ತರಿಸಲು ವಿಳಂಬ ಮಾಡುತ್ತಿರುತ್ತದೆ. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಿ ತೋರಿಸಬಲ್ಲ ಸಾಧನಗಳು ಯಾವುವು, ಯಾವುದರಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದನ್ನು ತಾಂತ್ರಿಕ ಸಿಬ್ಬಂದಿ ಹಾಗೂ ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸರ್ವರಿನ ಸ್ಥಿತಿಯನ್ನು ತಿಳಿಸುವ ಸಾಧನಗಳು

ಈ ವರ್ಗದಲ್ಲಿ ಹಳೆಯದು ಹಾಗೂ ಹೆಚ್ಚು ಪರಿಚಿತವಾದದ್ದು ನಾಗಿಯೋಸ್. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶದ ಕಾರ್ಯವಿಧಾನ ಅತ್ಯಂತ ಸರಳ. ಚಿಕ್ಕ ಪರೀಕ್ಷಾ ಪ್ರೋಗ್ರಾಂ ಒಂದು ಸರ್ವರನ್ನು ಪ್ರಶ್ನಿಸಿ ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ: 0 ಎಂದರೆ ಸರಿ, 1 ಎಚ್ಚರಿಕೆ, 2 ಗಂಭೀರ, 3 ತಿಳಿಯದು. ಇದೇ ಸರಳತೆಯ ಕಾರಣದಿಂದ ಯಾವ ಸಿಬ್ಬಂದಿಯಾದರೂ ತಮಗೆ ಬೇಕಾದ ಪರೀಕ್ಷೆಯನ್ನು ತಾವೇ ಬರೆದುಕೊಳ್ಳಬಹುದು. 2001ರಲ್ಲಿ ಬಿಡುಗಡೆಯಾದ, ಲಾಟ್ವಿಯಾ ದೇಶದ ಜಾಬಿಕ್ಸ್ ಇನ್ನೊಂದು ಹೆಜ್ಜೆ ಮುಂದಿದೆ. ಅಳತೆಗಳನ್ನು ಡೇಟಾಬೇಸಿನಲ್ಲಿ ಸಂಗ್ರಹಿಸುವುದು, ನಕ್ಷೆ ಬಿಡಿಸುವುದು, ಎಚ್ಚರಿಕೆ ಕಳುಹಿಸುವುದು ಎಲ್ಲವೂ ಅದರಲ್ಲಿ ಒಂದೇ ಕಡೆ ದೊರೆಯುತ್ತವೆ. ಪ್ರತ್ಯೇಕ ತಾಂತ್ರಿಕ ತಂಡವಿಲ್ಲದ ಸಣ್ಣ ಕಚೇರಿಗೆ ಜಾಬಿಕ್ಸ್ ಹೆಚ್ಚು ಅನುಕೂಲಕರ.

ಆದರೆ ಇವೆರಡರ ಮೂಲ ಪ್ರಶ್ನೆ ‘ಯಂತ್ರ ಸುಸ್ಥಿತಿಯಲ್ಲಿದೆಯೇ’ ಎಂಬುದು. ‘ಅರ್ಜಿದಾರರ ಕೆಲಸ ಆಯಿತೇ’ ಎಂಬುದಲ್ಲ.

ಸರಾಸರಿಯ ದೋಷ

ಒಂದು ಸೇವೆಗೆ ಒಂದು ಗಂಟೆಯಲ್ಲಿ 1,000 ಕೋರಿಕೆಗಳು ಬಂದವು ಎಂದಿಟ್ಟುಕೊಳ್ಳಬಹುದು. ಅವುಗಳಲ್ಲಿ 950 ಕೋರಿಕೆಗಳು ಅರ್ಧ ಸೆಕೆಂಡಿನಲ್ಲಿಯೂ ಉಳಿದ 50 ಕೋರಿಕೆಗಳು 20 ಸೆಕೆಂಡುಗಳಲ್ಲಿಯೂ ಪೂರ್ಣಗೊಂಡರೆ ಸರಾಸರಿ ಸಮಯ ಸುಮಾರು 1.5 ಸೆಕೆಂಡು ಆಗುತ್ತದೆ. ಮಾಸಿಕ ವರದಿಯಲ್ಲಿ ಈ ಅಂಕಿ ತೃಪ್ತಿಕರವಾಗಿಯೇ ಕಾಣುತ್ತದೆ. 20 ಸೆಕೆಂಡು ಕಾದು, ಪುಟ ತೆರೆಯದೆ ಮತ್ತೊಮ್ಮೆ ಗುಂಡಿ ಒತ್ತಿದ, ಕೆಲವೊಮ್ಮೆ ಎರಡು ಬಾರಿ ಶುಲ್ಕ ಪಾವತಿಸಿದ 50 ಮಂದಿ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದುದರಿಂದ ಶೇಕಡಾ 99ರಷ್ಟು ಕೋರಿಕೆಗಳು ಎಷ್ಟು ಸಮಯದೊಳಗೆ ಪೂರ್ಣಗೊಂಡವು ಎಂಬ ಅಳತೆಯನ್ನು ಕೇಳತಕ್ಕದ್ದು. ಮೇಲಿನ ಉದಾಹರಣೆಯಲ್ಲಿ ಅದು 20 ಸೆಕೆಂಡು. ಯಾವುದೇ ಸಾಧನವನ್ನು ಪರಿಶೀಲಿಸುವಾಗ ಈ ಅಳತೆಯನ್ನು ಅದು ಸುಲಭವಾಗಿ ನೀಡುತ್ತದೆಯೇ ಎಂಬುದನ್ನು ಮೊದಲು ನೋಡುವುದು ಸೂಕ್ತ.

ಪ್ರೊಮಿಥಿಯಸ್ ಈ ದೃಷ್ಟಿಯಿಂದ ಉಪಯುಕ್ತವಾದುದು. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭಗೊಂಡ ಇದು 2016ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ ಸೇರಿತು. ತಂತ್ರಾಂಶವು ತನ್ನ ಅಳತೆಗಳನ್ನು ಒಂದು ವಿಳಾಸದಲ್ಲಿ ಪ್ರಕಟಿಸುತ್ತದೆ. ಪ್ರೊಮಿಥಿಯಸ್ ನಿಗದಿತ ಅವಧಿಗೊಮ್ಮೆ ಅಲ್ಲಿಗೆ ಹೋಗಿ ಅವುಗಳನ್ನು ಓದಿಕೊಳ್ಳುತ್ತದೆ. ಪರದೆಯ ಮೇಲೆ ನಕ್ಷೆಗಳನ್ನು ತೋರಿಸಲು ಸಾಮಾನ್ಯವಾಗಿ ಗ್ರಫಾನಾ ಬಳಸಲಾಗುತ್ತದೆ. ಬೇರೆ ಸೂಚನೆ ನೀಡದಿದ್ದಲ್ಲಿ ಪ್ರೊಮಿಥಿಯಸ್ 15 ದಿನಗಳ ಅಳತೆಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕಳೆದ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸಬೇಕೆನ್ನುವ ಕಚೇರಿಗಳು ಈ ಅವಧಿಯನ್ನು ಮೊದಲೇ ಬದಲಿಸಿಕೊಳ್ಳಬೇಕು.

ಕೋರಿಕೆಯ ಜಾಡು ಹಿಡಿಯುವ ಸಾಧನಗಳು

ವಿಳಂಬವಾಗುತ್ತಿದೆ ಎಂದು ತಿಳಿದ ಮೇಲೆ ಎಲ್ಲಿ ಎಂಬ ಪ್ರಶ್ನೆ ಉದ್ಭವಿಸುತ್ತದೆ. ಒಂದು ಪ್ರಮಾಣಪತ್ರದ ಕೋರಿಕೆಯು ಅರ್ಜಿ ತಂತ್ರಾಂಶ, ಗುರುತಿನ ಪರಿಶೀಲನೆ, ಪಾವತಿ ವ್ಯವಸ್ಥೆ, ಡೇಟಾಬೇಸ್ ಇವುಗಳನ್ನು ದಾಟಿ ಬರುತ್ತದೆ. ಪ್ರತಿ ಕೋರಿಕೆಗೆ ಒಂದು ಗುರುತಿನ ಸಂಖ್ಯೆ ನೀಡಿ, ಪ್ರತಿ ಹಂತದಲ್ಲಿ ಎಷ್ಟು ಸಮಯ ಕಳೆಯಿತೆಂದು ದಾಖಲಿಸುವ ಪದ್ಧತಿಯನ್ನು ಗೂಗಲ್ ಸಂಸ್ಥೆಯು 2010ರ ಡ್ಯಾಪರ್ ಪ್ರಬಂಧದಲ್ಲಿ ವಿವರಿಸಿತು. ಟ್ವಿಟರ್‌ನಲ್ಲಿ ಸಿದ್ಧವಾದ ಜಿಪ್ಕಿನ್, ಊಬರ್‌ನಲ್ಲಿ ಸಿದ್ಧವಾದ ಯೇಗರ್ ಇದೇ ಪರಂಪರೆಯ ಮುಕ್ತ ತಂತ್ರಾಂಶಗಳು. ದಕ್ಷಿಣ ಕೊರಿಯಾದ ನೇವರ್ ಸಂಸ್ಥೆ 2015ರಲ್ಲಿ ಬಿಡುಗಡೆ ಮಾಡಿದ ಪಿನ್‌ಪಾಯಿಂಟ್, ಜಾವಾ ತಂತ್ರಾಂಶಗಳಲ್ಲಿ ಮೂಲ ಕೋಡನ್ನು ಬದಲಿಸದೆಯೇ ಈ ಕೆಲಸ ಮಾಡುತ್ತದೆ. ಕೋಡ್ ಬರೆದ ಗುತ್ತಿಗೆದಾರರು ಈಗಾಗಲೇ ಬಿಟ್ಟುಹೋಗಿರುವ ಹಳೆಯ ಯೋಜನೆಗಳಲ್ಲಿ ಇದೊಂದು ದೊಡ್ಡ ಉಪಕಾರವೇ ಸರಿ.

ಎಲ್ಲ ಕೋರಿಕೆಗಳ ಜಾಡನ್ನೂ ಉಳಿಸುವುದು ದುಬಾರಿಯಾದ್ದರಿಂದ ಕೆಲವನ್ನು ಮಾತ್ರ ಆಯ್ದು ಉಳಿಸಲಾಗುತ್ತದೆ. ಡ್ಯಾಪರ್‌ನ ಮೊದಲ ಆವೃತ್ತಿಯಲ್ಲಿ ಸರಾಸರಿ 1,024ಕ್ಕೆ ಒಂದರಂತೆ ಉಳಿಸಲಾಗುತ್ತಿತ್ತು. ಗೂಗಲ್‌ನಂತಹ ದಟ್ಟಣೆಗೆ ಅದು ಸಾಕು. ದಿನಕ್ಕೆ ಕೆಲವೇ ನೂರು ಅರ್ಜಿಗಳು ಬರುವ ಸೇವೆಯಲ್ಲಿ ಇದೇ ಪ್ರಮಾಣ ಅನುಸರಿಸಿದರೆ ತೊಂದರೆಗೊಳಗಾದ ಅರ್ಜಿಯ ಜಾಡು ಸಿಗುವ ಸಂಭವ ತೀರಾ ಕಡಿಮೆ. ಅಂತಹ ಕಡೆ ಎಲ್ಲವನ್ನೂ ಉಳಿಸುವುದೇ ಲೇಸು.

ವಾಣಿಜ್ಯ ಸಾಧನಗಳು

ಡೈನಾಟ್ರೇಸ್, ನ್ಯೂ ರೆಲಿಕ್, ಡೇಟಾಡಾಗ್ ಹಾಗೂ 2017ರಲ್ಲಿ ಸಿಸ್ಕೊ ಸಂಸ್ಥೆ ಖರೀದಿಸಿದ ಆಪ್‌ಡೈನಾಮಿಕ್ಸ್ ಪ್ರಮುಖವಾದವು. ಅಳತೆ, ಜಾಡು, ಲಾಗ್ ಮೂರನ್ನೂ ಒಂದೇ ಪರದೆಯಲ್ಲಿ ಜೋಡಿಸಿಕೊಡುವುದು ಇವುಗಳ ನಿಜವಾದ ಬಲ. ಮುಕ್ತ ಸಾಧನಗಳಲ್ಲಿ ಈ ಜೋಡಣೆಗೆ ನುರಿತ ಸಿಬ್ಬಂದಿಯ ಶ್ರಮ ಬೇಕಾಗುತ್ತದೆ. ಶುಲ್ಕವನ್ನು ಸರ್ವರುಗಳ ಸಂಖ್ಯೆ, ದತ್ತಾಂಶದ ಪ್ರಮಾಣ ಅಥವಾ ಬಳಕೆದಾರರ ಸಂಖ್ಯೆಯ ಮೇಲೆ ವಿಧಿಸಲಾಗುತ್ತದೆ. ಫಲಿತಾಂಶ ಪ್ರಕಟವಾಗುವ ದಿನದಂತೆ ದಟ್ಟಣೆ ಹಠಾತ್ತನೆ ಏರುವ ಸೇವೆಗಳಿಗೆ ದತ್ತಾಂಶದ ಪ್ರಮಾಣದ ಮೇಲಿನ ಶುಲ್ಕ ಅಪಾಯಕಾರಿ. ಮುಕ್ತ ಸಾಧನಗಳಿಗೆ ಪರವಾನಗಿ ಶುಲ್ಕವಿಲ್ಲದಿದ್ದರೂ ಸಿಬ್ಬಂದಿಯ ವೆಚ್ಚ ಇದ್ದೇ ಇರುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಮರೆಮಾಚಬಾರದು.

ಓಪನ್‌ಟೆಲಿಮೆಟ್ರಿ

2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಯೋಜನೆಗಳ ವಿಲೀನದಿಂದ ರೂಪುಗೊಂಡ ಓಪನ್‌ಟೆಲಿಮೆಟ್ರಿಯು ದತ್ತಾಂಶ ಸಂಗ್ರಹಣೆಯನ್ನು ಅದರ ಪ್ರದರ್ಶನದಿಂದ ಬೇರ್ಪಡಿಸುತ್ತದೆ. ತಂತ್ರಾಂಶದೊಳಗೆ ಒಮ್ಮೆ ಇದನ್ನು ಅಳವಡಿಸಿದಲ್ಲಿ ದತ್ತಾಂಶವನ್ನು ಇಂದು ಯೇಗರ್‌ಗೆ, ನಾಳೆ ಯಾವುದಾದರೂ ವಾಣಿಜ್ಯ ಸಾಧನಕ್ಕೆ ಕಳುಹಿಸಬಹುದು. ಟೆಂಡರ್ ದಾಖಲೆಯಲ್ಲಿ ಸಾಧನದ ಹೆಸರಿಗಿಂತ ಈ ಮಾನದಂಡಕ್ಕೆ ಬೆಂಬಲವನ್ನು ಕೋರುವುದು ಹೆಚ್ಚು ಮುಖ್ಯ.

ದತ್ತಾಂಶ ಸಂರಕ್ಷಣೆ ಮತ್ತು ಕಾನೂನು

ಜಾಡು ಹಿಡಿಯುವ ಸಾಧನಗಳು ವೆಬ್ ವಿಳಾಸ ಹಾಗೂ ಡೇಟಾಬೇಸ್ ಪ್ರಶ್ನೆಗಳನ್ನು ದಾಖಲಿಸುವಾಗ ಅರ್ಜಿದಾರರ ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆಗಳೂ ಅವುಗಳೊಂದಿಗೆ ಸೇರಿಹೋಗಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಹಿನ್ನೆಲೆಯಲ್ಲಿ ಇಂತಹ ವಿವರಗಳನ್ನು ಸಂಗ್ರಹಣೆಯ ಹಂತದಲ್ಲಿಯೇ ಅಳಿಸುವಂತೆ ವ್ಯವಸ್ಥೆ ಮಾಡತಕ್ಕದ್ದು. ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇರಿಸಬೇಕು. ಪ್ರೊಮಿಥಿಯಸ್‌ನಲ್ಲಿರುವ ಅಳತೆಗಳು ಲಾಗ್‌ಗಳಿಗೆ ಪರ್ಯಾಯವಲ್ಲ. ಲಾಗ್‌ಗಳಿಗೆ ಪ್ರತ್ಯೇಕ ಸಂಗ್ರಹ ಅಗತ್ಯ. ಸರ್ವರುಗಳ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದೊಂದಿಗೆ ಹೊಂದಿಸುವ ಬಗ್ಗೆಯೂ ಅದೇ ನಿರ್ದೇಶನಗಳಲ್ಲಿ ಸೂಚನೆಯಿದೆ. ಗಡಿಯಾರಗಳು ಹೊಂದದಿದ್ದಲ್ಲಿ ಕೋರಿಕೆ ಹೊರಡುವ ಮೊದಲೇ ಉತ್ತರ ಬಂದಂತೆ ಜಾಡಿನಲ್ಲಿ ಕಾಣಿಸುವುದುಂಟು.

ಅಳತೆಯ ಸ್ಥಳ

ದತ್ತಾಂಶ ಕೇಂದ್ರದ ಒಳಗಿನಿಂದ ಮಾಡಿದ ಅಳತೆಯಲ್ಲಿ ತಾಲ್ಲೂಕಿನ ಸಂಪರ್ಕ ಜಾಲದ ವಿಳಂಬ ಸೇರಿರುವುದಿಲ್ಲ. ಹೊರಗಿನಿಂದ ಸೇವೆಯನ್ನು ಪರೀಕ್ಷಿಸುವ ಸೌಲಭ್ಯ ಜಾಬಿಕ್ಸ್‌ನಲ್ಲಿಯೂ, ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಮೂಲಕ ಪ್ರೊಮಿಥಿಯಸ್‌ನಲ್ಲಿಯೂ ಇದೆ. ಇದನ್ನು ಸೇವೆ ನೀಡುವ ಕೌಂಟರ್ ಇರುವ ಕಚೇರಿಯದೇ ಸಂಪರ್ಕದಲ್ಲಿ, ಕಚೇರಿಯ ವೇಳೆಯಲ್ಲಿ ನಡೆಸಬೇಕು.