‘ಮನೆತುಂಬ’ ಮತ್ತು ‘ಘರಭರ’: ವ್ಯಾಪ್ತಿಸೂಚಕ ಕ್ರಿಯಾಪದಗಳ ವಿವೇಚನೆ

ಇಂಗ್ಲಿಷಿನ ‘ಪರ್ವೇಡ್’ ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ವ್ಯಾಪಿಸು, ಹಬ್ಬು, ಹರಡು ಎಂದು ಸಾಲಾಗಿ ಅರ್ಥ ಹೇಳುವುದು ವಾಡಿಕೆ. ಆದರೆ ಇವು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವ ಪದಗಳಲ್ಲ. ಲ್ಯಾಟಿನ್ನಿನ ‘ಪೆರ್’ ಎಂದರೆ ಮೂಲಕ, ಆದ್ಯಂತ. ‘ವಾದೆರೆ’ ಎಂದರೆ ಹೋಗು. ಆದ್ಯಂತತೆ ಕ್ರಿಯಾಪದದೊಳಗೇ ಸೇರಿರುವುದರಿಂದ ಇಂಗ್ಲಿಷಿನಲ್ಲಿ ವಾಸನೆ ಕರ್ತೃವಾದರೆ ಮನೆ ನೇರವಾಗಿ ಕರ್ಮವಾಗುತ್ತದೆ.

ಕನ್ನಡದ ಆಡುಮಾತು ಹಾಗೆ ನಡೆಯುವುದಿಲ್ಲ. ‘ವಾಸನೆ ಮನೆಯನ್ನು ಹರಡಿತು’ ಎಂದು ಯಾರೂ ಅನ್ನರು. ‘ಮನೆತುಂಬ ಹರಡಿತು’ ಎನ್ನುತ್ತಾರೆ. ಆದ್ಯಂತತೆಯನ್ನು ಇಲ್ಲಿ ಹೊರುವುದು ‘ತುಂಬ’, ‘ಎಲ್ಲ’ ಎಂಬ ಪದಗಳು. ಕ್ರಿಯಾಪದಕ್ಕೆ ಉಳಿಯುವ ಕೆಲಸ ಹರಡುವ ಬಗೆಯನ್ನು ಹೇಳುವುದು: ಬಳ್ಳಿ, ಸುದ್ದಿ ಹಬ್ಬುತ್ತವೆ, ಮೋಡ, ಕತ್ತಲು ಕವಿಯುತ್ತವೆ, ಮಲ್ಲಿಗೆ ಘಮಘಮಿಸುತ್ತದೆ. ‘ಕತ್ತಲು ಊರನ್ನು ಕವಿಯಿತು’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಸಲ್ಲುತ್ತದೆ, ಏಕೆಂದರೆ ಕವಿಯುವುದೆಂದರೆ ಮೇಲಿನಿಂದ ಮುಚ್ಚುವುದು. ಸಂಸ್ಕೃತಮೂಲದ ವ್ಯಾಪಿಸು, ಆವರಿಸು ಸಹ ದ್ವಿತೀಯೆಯನ್ನು ಬಯಸುತ್ತವೆ; ಅನುವಾದಕರು ಅವುಗಳಿಗೇ ಮೊರೆಹೋಗಲು ಇದೇ ಕಾರಣವೆಂದು ನನ್ನ ಎಣಿಕೆ.

‘ಹಬ್ಬು’ವಿನ ಹಳೆಯ ರೂಪ ‘ಪರ್ಬು’. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ ಅದನ್ನು ತಮಿಳಿನ ‘ಪರವು’ ಜೊತೆಗೆ ಇಡುತ್ತದೆ. ‘ಪರ್ವೇಡ್’ ಜೊತೆಗಿನ ಧ್ವನಿಸಾಮ್ಯ ಕೇವಲ ಆಕಸ್ಮಿಕ.

ಆದ್ಯಂತತೆಯನ್ನು ‘ತುಂಬ’ದಂಥ ಪದಕ್ಕೆ ವಹಿಸುವ ಕನ್ನಡದ ಗುಣ ಪುಣೆಯ ಬಿಬವೇವಾಡಿಯಂಥ ಬಡಾವಣೆಯಲ್ಲಿ, ಮರಾಠಿಯ ಮಗ್ಗುಲಲ್ಲಿಟ್ಟು ನೋಡಿದಾಗ ಇನ್ನೂ ಸ್ಪಷ್ಟವಾಗುತ್ತದೆ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ ಆಡುವವರಿಗೆ ‘ಮನೆತುಂಬ’ ಮತ್ತು ‘ಘರಭರ’, ‘ಊರತುಂಬ’ ಮತ್ತು ‘ಗಾವಭರ’ ಒಂದೇ ಅಚ್ಚಿನವು. ‘ಭರ’ ಸಂಸ್ಕೃತದ ‘ಭೃ’ ಧಾತುವಿನದು, ‘ತುಂಬು’ ದ್ರಾವಿಡದ್ದು. ಕುಲ ಬೇರೆಯಾದರೂ ಎರಡೂ ಭಾಷೆಗಳು ತುಂಬುವಿಕೆಯನ್ನೇ ಆದ್ಯಂತತೆಯ ಗುರುತಾಗಿಸಿವೆ. ಮರಾಠಿಯ ‘ಪಸರಣೇ’, ನಮ್ಮ ‘ಪಸರಿಸು’ ಎರಡಕ್ಕೂ ಮೂಲ ಸಂಸ್ಕೃತದ ‘ಪ್ರಸರ’. ಸುಗಂಧಕ್ಕೆಂದೇ ಮರಾಠಿಯಲ್ಲಿ ‘ದರವಳಣೇ’ ಎಂಬ ಸೊಗಸಾದ ಕ್ರಿಯಾಪದವೂ ಇದೆ.

ತುಂಬುವಿಕೆಯ ಈ ಅಚ್ಚನ್ನು ಯಾವ ಭಾಷೆ ಯಾವುದಕ್ಕೆ ಕೊಟ್ಟಿತೆಂಬ ತೀರ್ಮಾನಕ್ಕೆ ಶಾಸನಗಳ ಸಾಕ್ಷ್ಯ ಬೇಕು. ಜಿ.ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ ಪುಣೆಯ ಡೆಕ್ಕನ್ ಕಾಲೇಜಿನಿಂದಲೇ 1946ರಲ್ಲಿ ಪ್ರಕಟವಾಯಿತು. 8ರಿಂದ 10ನೆಯ ಶತಮಾನದ ಶಾಸನಗಳನ್ನು ಆಧರಿಸಿದ ಆ ಕೃತಿಯಿಂದ ಈ ಹುಡುಕಾಟವನ್ನು ಆರಂಭಿಸಬಹುದು. ಇಂಗ್ಲಿಷ್–ಕನ್ನಡ ನಿಘಂಟುಕಾರರಾದರೋ ಅಷ್ಟು ಕಾಯಬೇಕಿಲ್ಲ: ‘ಪರ್ವೇಡ್’ ಎದುರಿಗೆ ಒಂಟಿ ಪದಗಳ ಬದಲು ‘ಮನೆತುಂಬ ಹರಡು’, ‘ಊರನ್ನು ಕವಿ’ ಎಂದು ವಿಭಕ್ತಿಸಹಿತ ಪ್ರಯೋಗಗಳನ್ನೇ ಕೊಡಲಿ.