ಮಾರಿಯಿಂದ ಮಾತ್ರೆಯವರೆಗೆ

ಊರಿಗೆ ಭಯಂಕರವಾದ ರೋಗವೊಂದು ಕಾಲಿಟ್ಟರೆ ಅದನ್ನು 'ಅಮ್ಮ' ಎಂದು ಕರೆದು ಗುಡಿ ಕಟ್ಟುವುದು ನಮ್ಮ ಜನರ ಹಳೆಯ ಪದ್ಧತಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಹೀಗೆಯೇ ಆಯಿತು. ಪ್ಲೇಗಿನಮ್ಮನ ಗುಡಿಗಳು ನಗರದಲ್ಲಿ ಇಂದಿಗೂ ಅಲ್ಲಲ್ಲಿ ಉಂಟು. ಬಸವನಗುಡಿ, ಮಲ್ಲೇಶ್ವರಗಳೆಂಬ ಗಾಳಿ ಬೆಳಕಿನ ಬಡಾವಣೆಗಳು ಬೆಳೆದುದರ ಹಿಂದೆಯೂ ಆ ಗಾಬರಿಯೇ ಇತ್ತು.

ಹೆಚ್ಚುಕಡಿಮೆ ನೂರು ವರ್ಷಗಳ ಬಳಿಕ, 1997ರಲ್ಲಿ, ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ 'ಏಡ್ಸಮ್ಮ'ನ ಗುಡಿಯೊಂದು ಎದ್ದಿತು. ಕಟ್ಟಿದವರು ಪೂಜಾರಿಯಲ್ಲ, ಶಾಲೆಯ ಅಧ್ಯಾಪಕರು. ರೋಗ ಹರಡುವ ಬಗೆಯನ್ನು ಜನಕ್ಕೆ ತಿಳಿಸುವುದೇ ಅವರ ಉದ್ದೇಶ. ನಗುವವರು ನಗಲಿ; ನನಗಂತೂ ಆ ಮೇಷ್ಟರ ಯುಕ್ತಿ ಮೆಚ್ಚಿಗೆಯಾಯಿತು. ಬಾಯಿಬಿಟ್ಟು ಆಡಲಾಗದ ಮಾತನ್ನು ದೇವರ ನೆಪದಲ್ಲಾದರೂ ಆಡಬಹುದಲ್ಲವೆ?

ಆದರೆ ಎರಡು ಮಾರಿಗಳಿಗೂ ಒಂದು ಭೇದವಿದೆ. ಪ್ಲೇಗಿನವನನ್ನು ಕಂಡು ಜನ ಹೆದರಿದರು. ಎಚ್‌ಐವಿ ತಗುಲಿದವನನ್ನು ಕಂಡು ಹೆದರಿದ್ದಲ್ಲದೆ ಅವನ ನಡತೆಯನ್ನೂ ವಿಚಾರಿಸಿದರು. ಗಂಡನಿಂದ ಸೋಂಕು ಪಡೆದ ಹೆಂಗಸೂ ಆ ಪ್ರಶ್ನೆಯಿಂದ ಪಾರಾಗಲಿಲ್ಲ.

ಅಮೆರಿಕದಲ್ಲಿ ಏಡ್ಸ್ ಬೆಳಕಿಗೆ ಬಂದುದು 1981ರಲ್ಲಿ; ನಮ್ಮ ದೇಶದಲ್ಲಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತವಾಗಿ ಔಷಧಿ ಕೊಡಲು ಆರಂಭಿಸಿತು. ಮೊದಲಿಗೆ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಾವಿನ ಬಾಗಿಲಿನಿಂದ ಎಷ್ಟೋ ಮಂದಿ ಹಿಂದಿರುಗಿದರು.

ಹಿಂದಿರುಗಿದವರು ನೋವನ್ನೂ ಜೊತೆಗೆ ತಂದರು. ಆ ಮೊದಲ ವರ್ಷಗಳ ಔಷಧಿಗಳಲ್ಲಿ ಸ್ಟಾವುಡಿನ್ ಎಂಬುದೊಂದು. ಜೀವ ಉಳಿಸಿದ ಅದೇ ಮಾತ್ರೆ ಹಲವರ ಕೈಕಾಲುಗಳ ನರಗಳನ್ನು ಕೆಡಿಸಿತು. ನರಗಳಿಗೆ ವೈರಸ್ಸಿನ ಹಾವಳಿಯೂ ಉಂಟಷ್ಟೆ. ಅಂಗಾಲಿನ ಉರಿ, ಜೋಮು, ಮುಳ್ಳು ಚುಚ್ಚಿದಂತಹ ಬೇನೆ: ಕನ್ನಡದಲ್ಲಿ ನೋವಿಗೆ ಮಾತುಗಳ ಬರವಿಲ್ಲ, ಆಡುವ ಧೈರ್ಯಕ್ಕೆ ಬರ. ಕಾಲು ಉರಿಯುತ್ತದೆಂದರೆ ಮನೆಯವರು ಯಾವ ಮಾತ್ರೆಯಿಂದ ಎಂದು ಕೇಳುತ್ತಾರೆ. ಹೇಳದೆ ನುಂಗಿಕೊಂಡರೆ ನಿದ್ರೆ ಹೋಗುತ್ತದೆ, ನಿದ್ರೆಯ ಹಿಂದೆ ಧೈರ್ಯವೂ ಹೋಗುತ್ತದೆ. ಮನಸ್ಸು ಕುಗ್ಗಿದಂತೆ ಬೇನೆ ಇಮ್ಮಡಿಯಾಗುತ್ತದೆ. ನಮ್ಮ ನಿಮ್ಹಾನ್ಸ್‌ನ ವೈದ್ಯರು 1990ರ ದಶಕದಿಂದಲೂ ಸೋಂಕಿತರ ಮನೋವ್ಯಥೆಯನ್ನು ಅಭ್ಯಸಿಸುತ್ತ ಬಂದಿದ್ದಾರೆ.

ಸ್ಟಾವುಡಿನ್ ಕೈಬಿಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದುದು 2009ರಲ್ಲಿ. ತೀವ್ರವಾದ ನೋವಿಗೆ ಬೇಕಾದ ಮಾರ್ಫಿನ್ನಿನ ಕಥೆಯೋ ಇನ್ನೊಂದು ಬಗೆಯದು. 1985ರ ಮಾದಕ ವಸ್ತುಗಳ ಕಾಯಿದೆಗೆ ಅಂಜಿ, ಅದರ ಪರವಾನಗಿಗಳ ಗೋಜಿಗೆ ಬೇಸತ್ತು, ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು. ಕಾಯಿದೆ ಸಡಿಲವಾಗಲು 2014 ಬರಬೇಕಾಯಿತು. ಕಳ್ಳಸಾಗಣೆಗಾರನಿಗೆ ಹೆಣೆದ ಬಲೆ ರೋಗಿಯನ್ನು ಹಿಡಿದದ್ದು ಹೀಗೆ.

ಇಂದು ಬಹುಮಂದಿಗೆ ದಿನಕ್ಕೊಂದೇ ಮಾತ್ರೆ ಸಾಕು. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ಸು ಕಾಣದಂತಾದವರಿಂದ ಸಂಗಾತಿಗೆ ಸಂಭೋಗದಿಂದ ಸೋಂಕು ಹರಡುವುದಿಲ್ಲ. 2017ರ ಕಾಯಿದೆಯೊಂದು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದು, ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿಯೂ ಬಾಡಿಗೆಯ ಮನೆಯ ವಿಷಯದಲ್ಲಿಯೂ ಭೇದ ಮಾಡಕೂಡದೆಂದು ವಿಧಿಸಿದೆ.

ಬಾಡಿಗೆಯ ಮನೆ ಎಂದಾಗ ನನ್ನ ಉತ್ತರಹಳ್ಳಿ ನೆನಪಾಗುತ್ತದೆ. ಬೆಂಗಳೂರಿನ ಹೊರಗಿನ ಹಳ್ಳಿಯಾಗಿದ್ದುದು ಈಗ ಬಾಡಿಗೆಯವರಿಂದ ತುಂಬಿದೆ. ಮನೆ ಕೇಳಲು ಬಂದವರ ಜಾತಿ, ಊಟ, ನೆಂಟರಿಷ್ಟರನ್ನೆಲ್ಲ ವಿಚಾರಿಸುವುದು ಇಲ್ಲಿಯೂ ವಾಡಿಕೆ. ಇಂತಹ ಪ್ರಶ್ನೆಗಳಿಗೆ ಅಂಜಿಯೇ ಮಾತ್ರೆಯ ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತು, ಮಾತ್ರೆಗಳನ್ನು ಬೇರೊಂದು ಡಬ್ಬಿಗೆ ಸುರಿದು, ಅಡುಗೆಮನೆಯ ಸಾಲಿನ ಹಿಂದೆ ಬಚ್ಚಿಡುವವರುಂಟು.