ಅಂಟುವಾಳದಿಂದ ಅಣೆಕಟ್ಟೆಯ ನೊರೆಯವರೆಗೆ



ಮಳೆಗಾಲದಲ್ಲಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯ ಬಾಗಿಲು ತೆಗೆದಾಗ ಹೊಳೆಯಲ್ಲಿ ಬೆಟ್ಟದಂತೆ ನೊರೆ ಏಳುವುದನ್ನು ತಾವು ನೋಡಿದ್ದೀರಿ. ಆ ನೊರೆಗೂ ಒಂದು ಚರಿತ್ರೆಯಿದೆ.

ನಮ್ಮ ಹಿರಿಯರು ತಲೆಗೆ ಸೀಗೆಕಾಯಿ, ರೇಷ್ಮೆಬಟ್ಟೆಗೆ ಅಂಟುವಾಳ ಬಳಸುತ್ತಿದ್ದರು. ತಮಿಳಿನವರ ಪೂಂದಿಕೊಟ್ಟೈ ಇದೇ. ನೀರಿನ ಕಣಗಳು ಒಂದನ್ನೊಂದು ಎಳೆದುಕೊಂಡಿರುತ್ತವೆ. ಮೇಲ್ಮೈಯ ಕಣಕ್ಕೆ ಮೇಲುಗಡೆ ನೆಂಟರಿಲ್ಲ. ಪಕ್ಕದವು, ಕೆಳಗಿನವು ಮಾತ್ರ ಎಳೆಯುತ್ತವೆ. ಅದಕ್ಕೇ ನೀರಿಗೆ ಬಿಗಿದ ತೊಗಲಿನಂಥ ಮೈ. ಸಾಬೂನಿನ ಕಣದ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಅಥವಾ ಗಾಳಿ. ಅವು ತಲೆ ಕೆಳಗೆ, ಬಾಲ ಮೇಲೆ ಮಾಡಿ ನೀರಿನ ಮೈಮೇಲೆ ಸಾಲಾಗಿ ನಿಂತರೆ ಆ ಬಿಗಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂಟುವಾಳದ ಸಾರದ್ದೂ ಇದೇ ಜಾತಿಯ ಕೆಲಸ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬೆಂಗಳೂರಿಗೆ ಸರ್ಕಾರಿ ಸಾಬೂನು ಕಾರ್ಖಾನೆ ಬಂತು. ಆದರೆ ಗಡಸುನೀರಿನಲ್ಲಿ ಸಾಬೂನು ಸುಣ್ಣದಂಶದೊಡನೆ ಸೇರಿ ಗಸಿಯಾಗುತ್ತದೆ. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಬಂದವು. ಈ ಪುಡಿಗಳು ಬೋರ್‌ವೆಲ್ ನೀರಿನಲ್ಲೂ ನೊರೆ ಕೊಟ್ಟವು. ಒಗೆಯುವ ಹೆಂಗಸರ ರಟ್ಟೆಗೆ ಅದು ದೊಡ್ಡ ಉಪಕಾರವೇ, ಇಲ್ಲವೆನ್ನಲಾರೆ.

ಗಸಿಯಾಗದ ಆ ಗುಣವೇ ಹೊಳೆಗೆ ಮುಳುವಾಯಿತು. ಈ ಬಾಲಗಳನ್ನು ತಿಂದು ಅರಗಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಕೊಳೆತ ಚರಂಡಿನೀರಿನಲ್ಲಿ ಅದೆಲ್ಲಿದೆ? 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೇ ಬಂತು. ಆ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ನಮ್ಮ ತೆನ್ಪೆಣ್ಣೈ ಅದೇ. ಕೆಲವರಪಳ್ಳಿಯ ಬಾಗಿಲಿನಿಂದ ಧುಮುಕುವಾಗ ಗಾಳಿ ಹಿಡಿದು ಗುಳ್ಳೆಯಾಗುತ್ತದೆ. ಗುಳ್ಳೆ ಒಡೆದರೂ ಕಣಗಳು ನೀರಿನಲ್ಲೇ ಉಳಿದು, ಮೀನಿನ ಕಿವಿರಿಗೂ ರೈತರ ಕಾಲುವೆಗೂ ಇಳಿದು, ಕೃಷ್ಣಗಿರಿ ಅಣೆಕಟ್ಟೆಯ ಕಡೆಗೆ ಸಾಗುತ್ತವೆ.